ತಲಘಟ್ಟಪುರದ ದೊಡ್ಡಪ್ಪ

ಸೇತುರಾಮನಿಗೆ ದೊಡ್ಡಪ್ಪ ಇರಲಿಲ್ಲ. ಓದುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಅವನ ತಂದೆಯೇ ಮನೆಗೆ ಹಿರಿಯ ಮಗ. ತಾಯಿಗೆ ಅಕ್ಕಂದಿರಿರಲಿಲ್ಲ. ದಾಯಾದಿಗಳ ಕಡೆ ಇದ್ದ ಒಬ್ಬಿಬ್ಬರು ಯಾವತ್ತೋ ತೀರಿಕೊಂಡಿದ್ದರು. ಹೀಗೆ ಯಾವ ದಿಕ್ಕಿನಿಂದ ನೋಡಿದರೂ ಇಲ್ಲದ ದೊಡ್ಡಪ್ಪನಿಗೆ ಕಳೆದ ನವೆಂಬರಿನಲ್ಲಿ ಹುಷಾರು ತಪ್ಪಿತು.

ಸೇತುರಾಮ ಕುಕ್ಕರಿನ ಗ್ಯಾಸ್ಕೆಟ್ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆಯ ಅಧಿಕಾರಿ. ಬೆಳಗಿನಿಂದ ಸಂಜೆಯವರೆಗೆ ಎಲ್ಲಿ ಸೋರುತ್ತದೆ, ಎಲ್ಲಿ ಸಿಡಿಯುತ್ತದೆ ಎಂದು ಹುಡುಕುವುದೇ ಕೆಲಸ. ಮನೆಗೆ ಬಂದು ಬೂಟು ಬಿಚ್ಚಿದರೂ ಆ ಕಣ್ಣು ಮಾತ್ರ ಬಿಚ್ಚುತ್ತಿರಲಿಲ್ಲ. ಹೆಂಡತಿ ಪ್ರಕೃತಿ ಜಯನಗರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಕಾಲು ಮುರಿದುಕೊಂಡವರಿಗೆ, ಬೆನ್ನು ಹಿಡಿದುಕೊಂಡವರಿಗೆ "ಏನಾಗಲ್ಲ, ಹೆಜ್ಜೆ ಇಡಿ" ಎಂದು ದಿನಕ್ಕೆ ನೂರು ಸಲ ಹೇಳುವವಳು. ಇವರಿಬ್ಬರ ಒಬ್ಬಳೇ ಮಗಳು ಇಂಚರ, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಅವಳ ಒಂದು ಕಿವಿಗೆ ಸದಾ "ಹುಷಾರು, ಬೀಳ್ತೀಯ" ಎಂಬ ಮಾತು, ಇನ್ನೊಂದಕ್ಕೆ "ಹೋಗು, ಏನಾಗಲ್ಲ" ಎಂಬ ಮಾತು. ಎರಡರ ನಡುವೆ ಆ ಹುಡುಗಿ ಒಂಬತ್ತು ವರ್ಷ ಬೆಳೆದದ್ದೇ ಹೆಚ್ಚು.

ಬನಶಂಕರಿ ಎರಡನೇ ಹಂತದಲ್ಲಿ ಆರು ಮನೆಗಳ ಕಟ್ಟಡ ಅವರದು. ಅಲ್ಲಿ ಇವರಿಗೆ 'ಜಗಳವಾಡದ ದಂಪತಿ' ಎಂಬ ಬಿರುದಿತ್ತು. ಬಿರುದು ಕೊಟ್ಟವರು ನೆಲಮಹಡಿಯ ಜಯಸಿಂಹ, ಸರ್ಕಾರಿ ಮುದ್ರಣಾಲಯದಿಂದ ನಿವೃತ್ತರು. "ಎರಡು ವರ್ಷದಲ್ಲಿ ಒಂದೇ ಒಂದು ದಿನ ಮೇಲಿಂದ ಏರುದನಿ ಕೇಳಿಲ್ಲ" ಎಂದು ಅವರು ಗೇಟಿನಲ್ಲಿ ನಿಂತು ಸಾಕ್ಷಿ ಹೇಳುತ್ತಿದ್ದರು. ಬ್ಯಾಟರಿ ಉಳಿಯಲೆಂದು ಅವರು ಕಿವಿಯ ಮಿಷನ್ನನ್ನು ಸಂಜೆ ಆರಕ್ಕೇ ತೆಗೆದಿಡುತ್ತಾರೆ, ಸೇತುರಾಮ ಮನೆಗೆ ಬರುವುದು ಆರೂವರೆಗೆ. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಸೇತುರಾಮನಂತೂ ಬಿರುದನ್ನು ನಿಜವೆಂದೇ ನಂಬಿ, ಮೆಟ್ಟಿಲು ಇಳಿಯುವಾಗ ಸ್ವಲ್ಪ ಗಂಭೀರವಾಗಿ ಇಳಿಯುತ್ತಿದ್ದ.

ನವೆಂಬರಿನಲ್ಲಿ ಇಂಚರಳ ಶಾಲೆಯವರು ಪೋಷಕರಿಗೆಂದು ಒಂದು ಶಿಬಿರ ನಡೆಸಿದರು. ಮಧುಮತಿ ಎಂಬ ಆಪ್ತಸಲಹೆಗಾರ್ತಿ ಬಂದು ಮಾತಾಡಿದರು. "ಮಗುವಿನ ಮುಂದೆ ಅಪ್ಪ ಅಮ್ಮ ಯಾವತ್ತೂ ಬೇರೆ ಬೇರೆ ಮಾತಾಡಬಾರದು. ವಾದ ಶುರುವಾಗುತ್ತೆ ಅನ್ನಿಸಿದ ತಕ್ಷಣ ಇಬ್ಬರಲ್ಲಿ ಒಬ್ಬರು ಒಂದು ಗುಟ್ಟಿನ ಪದ ಹೇಳಬೇಕು. ಹೇಳಿದ ಕೂಡಲೇ ಇಬ್ಬರೂ ಬೇರೆ ರೂಮಿಗೆ ಹೋಗಿ, ಒಂದು ನಿರ್ಧಾರಕ್ಕೆ ಬಂದು, ಆಮೇಲೆ ಆಚೆ ಬರಬೇಕು. ಉದಾಹರಣೆಗೆ, ಪೈನಾಪಲ್ ಅನ್ನಿ" ಎಂದರು. ನಲವತ್ತು ಜೋಡಿ ಪೋಷಕರು 'ಪೈನಾಪಲ್' ಎಂದು ಬರೆದುಕೊಂಡರು.

ಅದೇ ಸಂಜೆ ಟ್ಯಾಬ್ ನೋಡುವುದು ಅರ್ಧ ಗಂಟೆಯೋ ಒಂದು ಗಂಟೆಯೋ ಎಂಬ ಮಾತು ಬಂದಾಗ ಪ್ರಕೃತಿ "ಪೈನಾಪಲ್" ಎಂದಳು.

"ಎಲ್ಲಿದೆ?" ಎಂದಳು ಇಂಚರ.

ಸೇತುರಾಮ ಚೀಲ ಹಿಡಿದು ಹೋಗಿ ತರಬೇಕಾಯಿತು. ನಾಲ್ಕು ದಿನಕ್ಕೆ ನಾಲ್ಕು ಪೈನಾಪಲ್ ಬಂದು ಮೂವರ ನಾಲಿಗೆಯೂ ಹುಣ್ಣಾದಾಗ, ಈ ಪದ ನಮ್ಮ ಮನೆಗೆ ಒಗ್ಗುವುದಿಲ್ಲ ಎಂದು ಗಂಡ ಹೆಂಡಿರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು.

"ಯಾರಿಗೋ ಹುಷಾರಿಲ್ಲ ಅನ್ನೋಣ. ಹುಷಾರಿಲ್ಲ ಅಂದ್ರೆ ಎದ್ದು ಒಳಗೆ ಹೋಗಿ ಮಾತಾಡೋದು ಸಹಜ," ಎಂದ ಸೇತುರಾಮ.

"ಇದ್ದವರಿಗೆ ಹುಷಾರಿಲ್ಲ ಅನ್ನಬಾರದು ಸೇತು. ಅಸ್ತು ದೇವತೆಗಳು ಓಡಾಡ್ತಿರ್ತಾರೆ."

"ಹಾಗಾದ್ರೆ ಇಲ್ಲದವರಿಗೆ ಅನ್ನೋಣ. ನಂಗೆ ದೊಡ್ಡಪ್ಪ ಇಲ್ಲವಲ್ಲ. ದೊಡ್ಡಪ್ಪನಿಗೆ ಹುಷಾರಿಲ್ಲ ಅಂದ್ರೆ ಯಾರಿಗೂ ತೊಂದರೆ ಇಲ್ಲ."

ಬುದ್ಧಿವಂತಿಕೆ ಎಂದರೆ ಇದು ಎಂದು ಅವನಿಗೇ ಅನ್ನಿಸಿತು. ಅಂದಿನಿಂದ ಟ್ಯೂಷನ್ನೋ ಬೇಡವೋ, ಕ್ಯಾರೆಟ್ ಬಲವಂತವಾಗಿ ತಿನ್ನಿಸುವುದೋ ಬಿಡುವುದೋ ಎಂಬ ಪ್ರಶ್ನೆಗಳು ಎದ್ದಾಗಲೆಲ್ಲ "ದೊಡ್ಡಪ್ಪನಿಗೆ ಹುಷಾರಿಲ್ಲ" ಎಂದು ಒಬ್ಬರು ನಿಟ್ಟುಸಿರು ಬಿಡುವುದು, ಇಬ್ಬರೂ ಅಡುಗೆಮನೆಯ ಹಿಂದಿನ ಯುಟಿಲಿಟಿಗೆ ಹೋಗಿ ಬಾಗಿಲು ಹಾಕಿಕೊಂಡು ವಾಷಿಂಗ್ ಮಷೀನಿನ ಪಕ್ಕ ನಿಂತು ಹಲ್ಲು ಕಚ್ಚಿ ಪಿಸುಗುಟ್ಟುವುದು ರೂಢಿಯಾಯಿತು. ದೊಡ್ಡಪ್ಪನಿಗೆ ವಾರಕ್ಕೆ ಎರಡು ಮೂರು ಸಲ ಮೈಗೆ ಆಗುತ್ತಿರಲಿಲ್ಲ, ಅಷ್ಟೆ. ಚಿಂತೆಗೆ ಕಾರಣವಿರಲಿಲ್ಲ.

ಡಿಸೆಂಬರಿನ ಮೊದಲ ವಾರ ಪ್ರವಾಸದ ಫಾರ್ಮ್ ಬಂತು. ದೊಡ್ಡಪ್ಪ ಹಾಸಿಗೆ ಹಿಡಿದರು.

ಶಾಲೆಯಿಂದ ಚಿತ್ರದುರ್ಗಕ್ಕೆ ಎರಡು ದಿನ, ಒಂದು ರಾತ್ರಿ. ನಲವತ್ತು ಸೀಟು. ಕೆಳಗೆ ದಪ್ಪ ಅಕ್ಷರದಲ್ಲಿ, ತಂದೆ ತಾಯಿ ಇಬ್ಬರ ಸಹಿಯೂ ಕಡ್ಡಾಯ. ಫಾರ್ಮ್ ಬಂದ ದಿನವೇ ಪ್ರಕೃತಿ ನಿಂತುಕೊಂಡೇ ಸಹಿ ಹಾಕಿದಳು. ಸೇತುರಾಮ ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ. ಕೋಟೆ ಎತ್ತರ, ಬಂಡೆ ನುಣುಪು, ಕೋತಿಗಳ ಕಾಟ. ಇವೆಲ್ಲ ಅವನು ಬಾಯಲ್ಲಿ ಹೇಳಿದ ಕಾರಣಗಳು. ಹೇಳದ ಕಾರಣ ಒಂದಿತ್ತು. ಅವನೂ ನಾಲ್ಕನೇ ಕ್ಲಾಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಶಾಲೆಯ ಪ್ರವಾಸ ಹೋಗಿದ್ದ. ಬಸ್ಸಿನ ಹಿಂದೆ ಮರೆಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಸೌತೆಕಾಯಿ ಮಾರುವವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಎರಡು ಗಂಟೆ ಕೂತಿದ್ದ. ಬಸ್ಸು ವಾಪಸು ಬಂದಾಗ ಮೇಷ್ಟರು ಮೊದಲು ಅವನಿಗೇ ಬೈದರು. ಇವತ್ತಿಗೂ ಅವನು ಸೌತೆಕಾಯಿ ಮುಟ್ಟುವುದಿಲ್ಲ.

ಇಂಚರ ಅಳಲಿಲ್ಲ, ಹಟ ಮಾಡಲಿಲ್ಲ. ಸುಮ್ಮನೆ ತನ್ನ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಳು. ಟಾರ್ಚು, ಟವೆಲ್ಲು, ಗೆಳತಿಗೆ ಅರ್ಧ ಕೊಡಲು ಎರಡು ಚಿಕ್ಕಿ. ದಿನಾ ಬೆಳಿಗ್ಗೆ ಆ ಬ್ಯಾಗಿನ ಜಿಪ್ಪು ತೆರೆದು ಟೂತ್‌ಬ್ರಷ್ ತೆಗೆಯುವಳು, ಹಲ್ಲುಜ್ಜಿ, ಒರೆಸಿ, ಮತ್ತೆ ಬ್ಯಾಗಿಗೇ ಇಡುವಳು. ಇದನ್ನು ನೋಡದಿರಲೆಂದು ಸೇತುರಾಮ ಬೆಳಗಿನ ಪೇಪರನ್ನು ಮುಖಕ್ಕೆ ಸ್ವಲ್ಪ ಹತ್ತಿರ ಹಿಡಿಯಲು ಕಲಿತ.

ಒಂದು ಸಂಜೆ ಆಫೀಸಿನಿಂದ ಎಂದಿಗಿಂತ ಬೇಗ ಬಂದು ಮೆಟ್ಟಿಲು ಹತ್ತುವಾಗ ಜಯಸಿಂಹ ಅಡ್ಡಗಟ್ಟಿದರು. ಅವರ ಕಿವಿಯಲ್ಲಿ ಮಿಷನ್ ಇನ್ನೂ ಇತ್ತು.

"ದೊಡ್ಡಪ್ಪನಿಗೆ ಹೇಗಿದೆ?"

"ಯಾರ ದೊಡ್ಡಪ್ಪನಿಗೆ ಸಾರ್?"

"ನಿಮ್ಮ ದೊಡ್ಡಪ್ಪನಿಗೆ ಕಣ್ರೀ. ಮಗು ಹೇಳ್ತು. ನಿನ್ನೆ ಒಂದೇ ಸಂಜೇಲಿ ಮೂರು ಸಲ ಜಾಸ್ತಿ ಆಯ್ತಂತೆ. ನೀವಿಬ್ಬರೂ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ದುಃಖಪಡ್ತೀರಂತೆ."

ಇದ್ದದ್ದನ್ನು ಹೇಳಿಬಿಡಲು ಇದು ಒಳ್ಳೆಯ ಸಮಯವಾಗಿತ್ತು. ಆದರೆ ಇದ್ದದ್ದನ್ನು ಹೇಳಿದರೆ ಬಿರುದು ಅಲ್ಲೇ ಮೆಟ್ಟಿಲ ಮೇಲೆ ಉದುರುತ್ತಿತ್ತು.

"ಅಂಥದ್ದೇನಿಲ್ಲ ಸಾರ್. ಮಂಡಿ."

"ಮಂಡಿ ನೋವು ಒಂದು ಸಂಜೆಗೆ ಮೂರು ಸಲ ಸೀರಿಯಸ್ ಆಗುತ್ತಾ?"

"ಎರಡೂ ಮಂಡಿ ಸಾರ್."

"ಎಲ್ಲಿದಾರೆ?"

ಸೇತುರಾಮ ಆಗಷ್ಟೇ ಮೆಟ್ರೋ ಇಳಿದು ಬಂದಿದ್ದ. ದಾರಿಯುದ್ದಕ್ಕೂ ಕಿವಿಗೆ ಬಿದ್ದ ಸ್ಟೇಷನ್ನುಗಳ ಹೆಸರಿನಲ್ಲಿ ಒಂದು ಬಾಯಿಗೆ ಬಂತು. "ತಲಘಟ್ಟಪುರ" ಎಂದುಬಿಟ್ಟ. ಬೀದರ್ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತಲಘಟ್ಟಪುರ ಬನಶಂಕರಿಯಿಂದ ಆರನೇ ಸ್ಟೇಷನ್ನು. ಹಿರಿಯರು ಊಟ ಮುಗಿಸಿ ಹೊರಟರೆ ಕಾಫಿ ಹೊತ್ತಿಗೆ ವಾಪಸು ಬರಬಹುದು.

ಜಯಸಿಂಹರಿಗೆ ರೋಗಿಗಳನ್ನು ನೋಡಲು ಹೋಗುವುದು ಹವ್ಯಾಸವೆನ್ನುವುದಕ್ಕಿಂತ ವ್ರತ. ಆಸುಪಾಸಿನ ರೋಗಿಗಳೆಲ್ಲ ಇವರ ಭೇಟಿಗೆ ಹೆದರಿಯೋ ಏನೋ ಬೇಗ ಬೇಗ ಗುಣವಾಗಿ, ಆ ತಿಂಗಳು ಅವರಿಗೆ ಕೈ ಖಾಲಿಯಾಗಿತ್ತು. ಮರುದಿನವೇ ಅರ್ಧ ಡಜನ್ ಮೋಸಂಬಿ, ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ತಲಘಟ್ಟಪುರಕ್ಕೆ ಹೋದರು. ಸಂಜೆ ಮಿಷನ್ ತೆಗೆಯದೆ ಸೇತುರಾಮನ ಮನೆಗೇ ಹತ್ತಿ ಬಂದರು.

"ನೋಡ್ಕೊಂಡು ಬಂದೆ," ಎಂದರು.

"ಯಾರನ್ನ ಸಾರ್?"

"ನಿಮ್ಮ ದೊಡ್ಡಪ್ಪನ್ನ. ಫ್ಲೋರ್ ಮಿಲ್ ಹತ್ರ ಕೇಳ್ದೆ, ಮಂಡಿ ನೋವಿನ ಹಿರಿಯರು ಯಾರಿದಾರೆ ಅಂತ. ತಕ್ಷಣ ತೋರಿಸಿದ್ರು. ಭೀಮಪ್ಪನೋರು. ಎರಡೂ ಮಂಡಿ. ನೀವು ಹೇಳಿದ್ದು ಸರಿಯಾಗೇ ಇದೆ."

ಸೇತುರಾಮ ಕುರ್ಚಿಯ ಮೇಲೆ ಕೂತ. ಪ್ರಕೃತಿ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಳು.

"ತಮ್ಮನ ಮಗ ಬೆಂಗಳೂರಲ್ಲೇ ಇದಾನಲ್ವಾ, ಬರ್ತಾನಾ ಅಂತ ಕೇಳ್ದೆ. ಅವರ ಮುಖ ಸಣ್ಣದಾಯ್ತು. ವರ್ಷವಾಯ್ತಂತೆ ಒಂದು ಸಲ ಮುಖ ತೋರ್ಸಿ. ಸೇತುರಾಮ್, ಇದು ನಿಮ್ಮಂಥೋರಿಗೆ ಶೋಭೆ ತರಲ್ಲ. ಬಾಗಿಲು ಹಾಕ್ಕೊಂಡು ಅಳೋ ಬದಲು ಒಂದು ಸಲ ಹೋಗಿ ಬನ್ನಿ." ಬಾಗಿಲವರೆಗೆ ಹೋದವರು ತಿರುಗಿ, "ಭಾಷೆ ಮಾತ್ರ ಗದಗದ ಕಡೇದು ಇದ್ದಂಗಿದೆ. ಬಹಳ ವರ್ಷ ಆ ಕಡೆ ಇದ್ರೇನು?" ಎಂದರು.

ತಲಘಟ್ಟಪುರದ ಭೀಮಪ್ಪನಿಗೆ ನಿಜವಾಗಿಯೂ ಒಬ್ಬ ತಮ್ಮನ ಮಗನಿದ್ದ. ಗುರುಸಿದ್ದ ಎಂದು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ಅವನ ಹೆಸರು ಕೇಳಲು ಜಯಸಿಂಹರಿಗೆ ಪುರುಸೊತ್ತಾಗಿರಲಿಲ್ಲ, ಅವನ ಪರವಾಗಿ ನಾಚಿಕೆಪಡುವುದರಲ್ಲೇ ಮಧ್ಯಾಹ್ನ ಕಳೆದಿತ್ತು.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಸೇತುರಾಮನ ತಾಯಿ ಮೀನಾಕ್ಷಮ್ಮ ವಿಲ್ಸನ್ ಗಾರ್ಡನ್ನಿನಲ್ಲಿ ಮಗಳ ಮನೆಯಲ್ಲಿರುವವರು. ಜಯಸಿಂಹರು ಸೌಜನ್ಯಕ್ಕೆಂದು ಅವರಿಗೂ ಒಂದು ಫೋನ್ ಮಾಡಿ, ನಿಮ್ಮ ಭಾವನವರನ್ನು ನೋಡಿಕೊಂಡು ಬಂದೆ ಎಂದು ತಿಳಿಸಿದರು. ಐದು ನಿಮಿಷದಲ್ಲಿ ಸೇತುರಾಮನ ಫೋನು ಹೊಡೆದುಕೊಂಡಿತು.

"ಮದುವೆಯಾಗಿ ನಲವತ್ತೈದು ವರ್ಷದ ಮೇಲೆ ನಂಗೊಬ್ಬರು ಭಾವ ಹುಟ್ಟಿದಾರಂತಲ್ಲೋ ಸೇತು. ನಿಮ್ಮಪ್ಪನೇ ಹಿರೀಮಗ. ಇವರೆಲ್ಲಿಂದ ಬಂದ್ರು?"

"ಅಮ್ಮ, ಅದೇನೂ ಇಲ್ಲ, ಅವರು ಯಾರೋ ಗದಗದ ಕಡೆಯೋರು…"

ವಿಲ್ಸನ್ ಗಾರ್ಡನ್ನಿನ ಫ್ಯಾನು ತಿರುಗುವ ಸದ್ದು ಕೇಳಿಸಿತು.

"ನಿಮ್ಮ ತಾತ ಮದುವೆಗೆ ಮುಂಚೆ ಮೂರು ವರ್ಷ ಗದಗದಲ್ಲಿ ರೈಲ್ವೆ ಗುಮಾಸ್ತರಾಗಿದ್ರು," ಎಂದರು ಮೀನಾಕ್ಷಮ್ಮ, ಬಹಳ ನಿಧಾನವಾಗಿ. ಆಮೇಲೆ ಫೋನಿಟ್ಟರು. ತೀರಿಕೊಂಡು ಇಪ್ಪತ್ತು ವರ್ಷವಾದ ಮಾವನವರ ಫೋಟೋಕ್ಕೆ ಆ ದಿನ ವಿಲ್ಸನ್ ಗಾರ್ಡನ್ನಿನಲ್ಲಿ ಹೂವು ಏರಲಿಲ್ಲವೆಂದು ಅಕ್ಕ ಆಮೇಲೆ ವರದಿ ಮಾಡಿದಳು.

ಬುಧವಾರ ಸಂಜೆ ಯುಟಿಲಿಟಿಯಲ್ಲಿ ತುರ್ತು ಸಭೆ ಸೇರಿತು. ವಾಷಿಂಗ್ ಮಷೀನು ಹಿಂಡುವ ಹಂತದಲ್ಲಿತ್ತು, ಹಾಗಾಗಿ ಪಿಸುಮಾತನ್ನು ಸ್ವಲ್ಪ ಜೋರಾಗಿಯೇ ಆಡಬೇಕಿತ್ತು.

"ಸಾಯಿಸಿಬಿಡೋಣ," ಎಂದಳು ಪ್ರಕೃತಿ.

"ಏನು ಮಾತಾಡ್ತೀಯ? ವಾಸಿಯಾಯ್ತು ಅನ್ನೋಣ."

"ವಾಸಿಯಾದ್ರೆ ಜಯಸಿಂಹ ಅಂಕಲ್ ಮನೆಗೆ ಕರ್ಕೊಂಡು ಬನ್ನಿ ಅಂತಾರೆ. ನಿಮ್ಮಮ್ಮ ಆಸ್ತಿಪತ್ರ ತಗೊಂಡು ಬರ್ತಾರೆ. ಹೋದ್ರು ಅಂದ್ರೆ ಒಂದೇ ಸಲಕ್ಕೆ ಮುಗೀತು. ಅದಿರ್ಲಿ, ನಾಳೆ ಸಂಜೆ ನಾಲ್ಕೂವರೆಗೆ ಫಾರ್ಮ್ ಲಾಸ್ಟು. ಸೈನ್ ಹಾಕ್ತೀಯೋ ಇಲ್ವೋ?"

"ಮೊದ್ಲು ದೊಡ್ಡಪ್ಪಂದು ಮುಗೀಲಿ," ಎಂದ ಸೇತುರಾಮ. ಅವನ ಜೀವನದಲ್ಲಿ ದೊಡ್ಡಪ್ಪ ಉಪಕಾರಕ್ಕೆ ಬಂದದ್ದು ಅದೊಂದೇ ಸಲ.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ವಾಕಿಂಗಿಗೆ ಹೊರಟ ಜಯಸಿಂಹರ ಬಳಿ ಸೇತುರಾಮ ಕೈಕಟ್ಟಿ ನಿಂತು, "ಹೋಗಿಬಿಟ್ರು ಸಾರ್. ರಾತ್ರಿಯೇ ಎಲ್ಲ ಮುಗೀತು" ಎಂದ. ಜಯಸಿಂಹರು ಎರಡು ನಿಮಿಷ ಕಣ್ಣು ಮುಚ್ಚಿದರು. ಆಮೇಲೆ ವಾಕಿಂಗ್ ಬಿಟ್ಟು ಫೋನು ತೆಗೆದರು.

ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಏಳೂ ಐದಕ್ಕೆ 'ಓಂ ಶಾಂತಿ' ಬಂತು. ಏಳೂಕಾಲಿಗೆ ಹೂವಿನ ಯಲ್ಲವ್ವ ಮೆಟ್ಟಿಲು ಹತ್ತಿ ಬಂದು, ಆರು ಗಂಟೆಗೆ ತಾನೇ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದ ಸೇವಂತಿಗೆಯ ಪೊಟ್ಟಣವನ್ನು ಬಿಚ್ಚಿಕೊಂಡಳು. "ಸೂತಕದ ಮನೆಗೆ ಹತ್ತು ದಿನ ಹೂವು ಹಾಕಲ್ಲಣ್ಣ. ಹನ್ನೊಂದರ ದಿನ ಬರ್ತೀನಿ" ಎಂದು ಹೇಳಿ ಇಳಿದಳು. ಎಂಟು ಗಂಟೆಗೆ ಇಂಚರ ಶಾಲೆಗೆ ಹೊರಟಳು. ಹೋಗುವ ಮುಂಚೆ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಅಪ್ಪನ ಅಂಗಿಯ ಜೇಬಿಗಿಟ್ಟು, ಮೇಲೆ ಒಂದು ಪೆನ್ನು ಸಿಕ್ಕಿಸಿದಳು.

"ಸಂಜೆಯೊಳಗೆ ಸ್ಕೂಲಿಗೆ ತಂದ್ಕೊಡಿ ಅಪ್ಪ. ಹಾಕಕ್ಕೆ ಇಷ್ಟ ಇಲ್ಲ ಅಂದ್ರೂ ತಂದ್ಕೊಡಿ," ಎಂದಳು.

ಒಂಬತ್ತಕ್ಕೆ ಮೀನಾಕ್ಷಮ್ಮ ಆಟೋದಲ್ಲಿ ಬಂದಿಳಿದರು. ಕೈಯಲ್ಲಿ ಮಾವನವರ ಫೋಟೋ, ಗಾಜಿನ ಸಮೇತ.

"ನಂಗೆ ಒಂದೇ ಒಂದು ವಿಷಯ ಗೊತ್ತಾಗ್ಬೇಕು," ಎಂದರು. "ಅವರು ಮಾವನವರ ಮಗ ಆಗಿದ್ರೆ ನಾನು ಈಗಲೇ ತಲೆಗೆ ಸ್ನಾನ ಮಾಡ್ಬೇಕು, ಹತ್ತು ದಿನ ಸೂತಕ. ಅಲ್ಲದೇ ಇದ್ರೆ ಬಿಸಿನೀರು ಯಾಕೆ ದಂಡ? ನಡಿ, ಮನೆಯವರನ್ನ ಕಂಡು, ಅವರ ಒಂದು ಫೋಟೋ ನೋಡ್ಕೊಂಡು ಬರೋಣ. ಮೂಗು ನೋಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ."

"ನಾನು ದಾರಿ ತೋರಿಸ್ತೀನಿ," ಎಂದರು ಜಯಸಿಂಹ. ಅವರು ಆಗಲೇ ಬಿಳಿ ಪಂಚೆ ಉಟ್ಟಿದ್ದರು. ಪ್ರಕೃತಿಗೆ ಕ್ಲಿನಿಕ್ಕಿನಲ್ಲಿ ರೋಗಿಗಳಿದ್ದರು. ಗಂಡನನ್ನು ಒಂದು ಸಲ ನೋಡಿ, "ಹೋಗಿ ಬಾ ಸೇತು, ನಿಮ್ಮ ದೊಡ್ಡಪ್ಪ ತಾನೇ" ಎಂದು ಸ್ಕೂಟಿ ಹತ್ತಿದಳು.

ಎಲ್ಲ ಸೇರಿ ಹೊರಡುವಷ್ಟರಲ್ಲಿ ಜಯಸಿಂಹರ ಊಟ, ಮೀನಾಕ್ಷಮ್ಮನವರ ಅನುಮಾನದ ಫಲಾಹಾರ ಎಲ್ಲ ಮುಗಿದು ಎರಡು ಗಂಟೆಯಾಗಿತ್ತು. ಮೆಟ್ರೋದಲ್ಲಿ ಸೇತುರಾಮ ಪ್ರತಿ ಸ್ಟೇಷನ್ನಿನಲ್ಲೂ ಸತ್ಯ ಹೇಳಲು ಬಾಯಿ ತೆರೆದ. ಜೆಪಿ ನಗರದಲ್ಲಿ ಜನ ಹೆಚ್ಚಾಗಿತ್ತು. ಯಲಚೇನಹಳ್ಳಿಯಲ್ಲಿ ಅಮ್ಮ ಫೋಟೋದ ಮೂಗನ್ನು ಒರೆಸುತ್ತಿದ್ದರು. ದೊಡ್ಡಕಲ್ಲಸಂದ್ರ ಎಂದು ಕೂಗಿದಾಗ 'ದೊಡ್ಡ' ಎಂಬಲ್ಲಿಗೇ ಅವನು ತೆರೆದ ಬಾಯಿ ಮುಚ್ಚಿದ.

ಫ್ಲೋರ್ ಮಿಲ್ಲಿನ ಎದುರು ಮನೆ. ಜಗುಲಿಯಲ್ಲಿ ದಪ್ಪನೆಯ ಹಿರಿಯರೊಬ್ಬರು ಕಾಲು ನೀಡಿ ಕೂತು ಒಗ್ಗರಣೆ ಹಾಕಿದ ಮಂಡಕ್ಕಿ ತಿನ್ನುತ್ತಿದ್ದರು. ಜಯಸಿಂಹರು ಗೇಟು ತೆರೆದವರು ಅಲ್ಲೇ ಗೇಟನ್ನು ಹಿಡಿದು ನಿಂತರು.

"ಬರ್ರಿ ಬರ್ರಿ," ಎಂದರು ಭೀಮಪ್ಪ. "ಮೊನ್ನೆ ಮೋಸಂಬಿ ತಂದವ್ರು ಅಲ್ಲೇನು? ಯಾಕ್ರೀ ಬಿಳೀ ಪಂಚೆ? ಯಾರರ ಹೋದ್ರೇನು?"

"ನೀವು," ಎಂದರು ಜಯಸಿಂಹ.

"ನಾನ? ಯಾವಾಗ್ರಿ?"

"ನಿನ್ನೆ ರಾತ್ರಿ."

ಭೀಮಪ್ಪ ಸ್ವಲ್ಪ ಹೊತ್ತು ಯೋಚಿಸಿದರು. "ಇಲ್ರಿಪಾ. ನಿನ್ನಿ ರಾತ್ರಿ ನಾ ಟಿವಿ ನೋಡಾಕತ್ತಿದ್ದೆ," ಎಂದರು.

ಮೀನಾಕ್ಷಮ್ಮ ಇಷ್ಟರಲ್ಲಿ ಜಗುಲಿ ಹತ್ತಿ, ಫೋಟೋವನ್ನು ಭೀಮಪ್ಪನ ಮುಖದ ಪಕ್ಕ ಹಿಡಿದು, ಕನ್ನಡಕ ಸರಿಮಾಡಿಕೊಂಡು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ನೋಡುತ್ತಿದ್ದರು. ಮಾವನವರದು ಗಿಣಿಮೂಗು. ಭೀಮಪ್ಪನದು ಆರಾಮವಾಗಿ ಅಗಲವಾಗಿ ಕೂತ ಮೂಗು. "ಅಲ್ಲ. ಇದು ನಮ್ಮನೆ ಮೂಗಲ್ಲ," ಎಂದರು. ಎರಡು ದಿನದ ಭಾರ ಇಳಿದು ಅವರ ಕಣ್ಣಲ್ಲಿ ನೀರು ಬಂತು. ಫೋಟೋವನ್ನು ಕಣ್ಣಿಗೊತ್ತಿಕೊಂಡು ಮಾವನವರ ಕ್ಷಮೆ ಕೇಳಿದರು. ಆಮೇಲೆ ಮಗನ ಕಡೆ ತಿರುಗಿದರು. ಆ ನೋಟಕ್ಕೆ ಸೇತುರಾಮ ಐದನೇ ವಯಸ್ಸಿನಿಂದಲೂ ಎಲ್ಲವನ್ನೂ ಒಪ್ಪಿಕೊಳ್ಳುತ್ತ ಬಂದಿದ್ದಾನೆ.

ಒಪ್ಪಿಕೊಂಡ. ಪೈನಾಪಲ್ಲಿನಿಂದ ಹಿಡಿದು ವಾಷಿಂಗ್ ಮಷೀನಿನವರೆಗೆ.

"ಜಗಳವಾ?" ಎಂದರು ಜಯಸಿಂಹ, ಮನೆ ಕುಸಿದವರ ಹಾಗೆ. "ನೀವಿಬ್ಬರಾ? ನಾನು ಒಂದು ದಿನವೂ ಕೇಳಿಲ್ವಲ್ಲ."

"ಹೂವಿನ ಯಲ್ಲವ್ವನಿಗೂ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ," ಎಂದರು ಮೀನಾಕ್ಷಮ್ಮ. "ಸಂಜೆ ಹೊತ್ತು ಕಿವಿಗೆ ಮಿಷನ್ ಹಾಕ್ಕೊಳ್ಳಿ."

ಭೀಮಪ್ಪನಿಗೆ ಮಂಡಕ್ಕಿ ನೆತ್ತಿಗೇರುವಷ್ಟು ನಗು. "ಅಲ್ರೀ, ಗಂಡ ಹೆಂಡ್ತಿ ಜಗಳಾಡಿದ್ದಕ್ಕ ನನ್ನ ಯಾಕ ಮಣ್ಣು ಮಾಡಿದ್ರಿ?" ಎಂದು ಕೇಳುತ್ತಿದ್ದಾಗ ಸೇತುರಾಮನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಇಂಚರಳ ಕ್ಲಾಸ್ ಟೀಚರ್ ಚೂಡಾಮಣಿ ಮಿಸ್ಸಿನ ಸಂದೇಶ. 'ಇಂಚರಳಿಂದ ವಿಷಯ ತಿಳಿದು ಬೇಸರವಾಯಿತು. ಸೂತಕದಲ್ಲಿ ಪ್ರವಾಸದ ಚಿಂತೆ ನಿಮಗೆ ಬೇಡ. ಅವಳ ಸೀಟನ್ನು ವಿಶ್ರುತ್‌ಗೆ ಕೊಡುತ್ತಿದ್ದೇವೆ.'

ಸೇತುರಾಮನಿಗೆ ಬೇಕಾಗಿದ್ದದ್ದು ಇದೇ. ಸಹಿ ಹಾಕದೆ, ಜಗಳವಾಡದೆ, ಮಗಳ ಕಣ್ಣಲ್ಲಿ ಕೆಟ್ಟವನಾಗದೆ, ಪ್ರವಾಸ ತಪ್ಪಿತ್ತು. ಅವನು ಸಂತೋಷಪಡಬೇಕಿತ್ತು. ಆದರೆ ಅವನ ಕಣ್ಣಿಗೆ ಕಂಡದ್ದು ಬ್ಯಾಗಿನಿಂದ ಹೊರಬಂದು ಬ್ಯಾಗಿಗೇ ಮರಳುವ ಆ ಟೂತ್‌ಬ್ರಷ್. ಅದನ್ನು ನಾಳೆ ಬೆಳಿಗ್ಗೆ ಅವಳು ತೆಗೆದು ಬಚ್ಚಲಿನ ಲೋಟದಲ್ಲಿ ಇಡುವುದನ್ನು ಪೇಪರಿನ ಹಿಂದೆ ಕೂತು ನೋಡಬೇಕಲ್ಲ ಎನ್ನಿಸಿತು.

ಗಂಟೆ ಮೂರೂ ಮುಕ್ಕಾಲು. "ಸಾರ್, ನೀವು ನನ್ನ ಜೊತೆ ಜಯನಗರಕ್ಕೆ, ಮಗಳ ಸ್ಕೂಲಿಗೆ ಬರಬೇಕು," ಎಂದ ಭೀಮಪ್ಪನಿಗೆ. "ನೀವು ಬದುಕಿದೀರ ಅಂತ ಹೇಳ್ಬೇಕು."

"ಅದನ್ನ ಹೇಳಾಕ ಅಷ್ಟು ದೂರ ಬರಬೇಕೇನ್ರಿ?" ಎನ್ನುತ್ತಲೇ ಭೀಮಪ್ಪ ಚಪ್ಪಲಿ ಮೆಟ್ಟಿದರು. ಸಾಯುವ ಭಾಗ್ಯ ಎಲ್ಲರಿಗೂ ಬರುತ್ತದೆ, ಸತ್ತ ಮೇಲೆ ಹೋಗಿ ಸಾಕ್ಷಿ ಹೇಳುವುದು ಅಪರೂಪ ಎಂದು ಅವರಿಗೂ ಅನ್ನಿಸಿರಬೇಕು.

ಒಂದೇ ಆಟೋದಲ್ಲಿ ನಾಲ್ವರು ಮತ್ತು ಮಾವನವರ ಫೋಟೋ. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಪ್ರತಿ ಸಿಗ್ನಲ್ಲಿಗೂ ಸೇತುರಾಮ ಗಡಿಯಾರ ನೋಡಿದ. ಶಾಲೆ ತಲುಪಿದಾಗ ನಾಲ್ಕೂ ಇಪ್ಪತ್ತೆರಡು. ಸ್ಟಾಫ್ ರೂಮಿನ ಹೊರಗೆ ಒಂದು ಜೋಡಿ ಗಂಡ ಹೆಂಡತಿ ಗೋಡೆಗೆ ಮುಖ ಮಾಡಿ ನಿಂತು, ಕೈಯಲ್ಲೊಂದು ಫಾರ್ಮ್ ಹಿಡಿದು, "ಪೈನಾಪಲ್", "ನಿಂದೇ ಪೈನಾಪಲ್" ಎಂದು ಹಲ್ಲು ಕಡಿಯುತ್ತಿದ್ದರು. ವಿಶ್ರುತನ ಅಪ್ಪ ಅಮ್ಮ. ಅವರ ಪಕ್ಕದ ಬೆಂಚಿನ ಮೇಲೆ ವಿಶ್ರುತ್ ಟಿಫನ್ ಡಬ್ಬಿಯಲ್ಲಿ ಉಳಿದ ಚಪಾತಿ ತಿನ್ನುತ್ತಿದ್ದ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಇಂಚರ ಕೂತಿದ್ದಳು. ಅವಳ ಕಣ್ಣು ಅಪ್ಪನ ಜೇಬಿನ ಮೇಲೆ ನೆಟ್ಟಿತು.

"ಮಿಸ್, ದೊಡ್ಡಪ್ಪ ಹೋಗಿಲ್ಲ," ಎಂದ ಸೇತುರಾಮ ಏದುಸಿರಿನಲ್ಲಿ.

"ಯಾರು ಹೋಗಿಲ್ಲ?" ಎಂದರು ಚೂಡಾಮಣಿ ಮಿಸ್.

"ನಾನ್ರೀ," ಎಂದರು ಭೀಮಪ್ಪ.

ಮಿಸ್ಸು ಕನ್ನಡಕದ ಮೇಲಿನಿಂದ ಅವರನ್ನು ನೋಡಿದರು. "ನೀವು ಇಂಚರಾಗೆ ಏನಾಗಬೇಕು?"

"ಏನೂ ಆಗಂಗಿಲ್ರಿ. ಬರೇ ಸತ್ತಿದ್ದೆ."

"ಮಿಸ್," ಎಂದ ಸೇತುರಾಮ. ಇಡೀ ಸ್ಟಾಫ್ ರೂಮು ಅವನನ್ನೇ ನೋಡುತ್ತಿತ್ತು, ಜಯಸಿಂಹರೂ ಮಿಷನ್ನಿನ ದನಿ ಏರಿಸಿಕೊಂಡು ನಿಂತಿದ್ದರು. "ನಾವು ಮನೇಲಿ ಜಗಳ ಆಡ್ತೀವಿ. ದಿನಾ ಆಡ್ತೀವಿ, ಇವಳ ವಿಷಯಕ್ಕೇ. ಇವಳಿಗೆ ಗೊತ್ತಾಗಬಾರದು ಅಂತ ಒಬ್ಬ ದೊಡ್ಡಪ್ಪನ್ನ ಇಟ್ಕೊಂಡಿದ್ವಿ. ಪ್ರವಾಸ ಬೇಡ ಅಂತಿದ್ದದ್ದು ನಾನು. ಇವಳಮ್ಮ ಅಲ್ಲ. ಸೀಟು ವಾಪಸ್ ಕೊಡಿ."

"ಸೀಟು ಇನ್ನೂ ಯಾರಿಗೂ ಆಗಿಲ್ಲ. ಅವರದ್ದೂ ಒಂದೇ ಸೈನು, ನಿಮ್ಮದೂ ಒಂದೇ ಸೈನು," ಎಂದು ಮಿಸ್ಸು ಗಡಿಯಾರ ತೋರಿಸಿದರು. ನಾಲ್ಕೂ ಇಪ್ಪತ್ತೆಂಟು. ನಂತರ ಬಾಗಿಲ ಕಡೆ ತಿರುಗಿ, "ವಿಶ್ರುತ್, ನಿಂಗೆ ಹೋಗ್ಬೇಕೇನೋ?" ಎಂದು ಕೇಳಿದರು.

"ಬೇಡ ಮಿಸ್. ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ," ಎಂದ ವಿಶ್ರುತ್ ಚಪಾತಿ ಅಗಿಯುತ್ತಾ. ಅವನನ್ನು ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ.

ಸೇತುರಾಮ ಜೇಬಿನಿಂದ ಫಾರ್ಮ್ ತೆಗೆದ. ಮಗಳು ಸಿಕ್ಕಿಸಿದ್ದ ಪೆನ್ನು ಅಲ್ಲೇ ಇತ್ತು. ಅವಸರದಲ್ಲಿ ಅವನ ಸಹಿ ಪ್ರಕೃತಿಯ ಸಹಿಯ ಮೇಲೆಯೇ ಹತ್ತಿ ಕೂತಿತು. ಎರಡೂ ಸೇರಿ ಯಾರದೆಂದು ಗೊತ್ತಾಗದ ಹಾಗಾದರೂ ಮಿಸ್ಸು ತಕರಾರು ಮಾಡಲಿಲ್ಲ.

ಇಂಚರ ಎದ್ದು ಬಂದು ಭೀಮಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರೇನಾ ಅಪ್ಪ?" ಎಂದು ಕೇಳಿದಳು.

"ಹೂಂ."

"ಹುಷಾರಾದ್ರಾ?"

"ಆರಾಮ ಅದೀನವಾ," ಎಂದರು ಭೀಮಪ್ಪ. "ಮಂಡೀ ಒಂದ ಬಿಟ್ಟು."

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಶಾಲೆಯ ಮುಂದೆ ಬಸ್ಸು ನಿಂತಿತ್ತು. ಚಳಿ ಚೆನ್ನಾಗಿಯೇ ಇತ್ತು. ಇಂಚರ ಕಿಟಕಿಯ ಪಕ್ಕ, ಗೆಳತಿಯ ಜೊತೆ ಕೂತಾಗಿತ್ತು. ಸೇತುರಾಮ ಕೆಳಗೆ ನಿಂತು ಉಣ್ಣೆಯ ಸ್ವೆಟರನ್ನು ಕಿಟಕಿಯತ್ತ ಚಾಚಿದ.

"ಹಾಕ್ಕೋ. ಕೋಟೆ ಮೇಲೆ ಗಾಳಿ."

"ಇರೋದು ಸಾಕು ಸೇತು. ಬೆಟ್ಟ ಹತ್ತೋವಾಗ ಬೆವರ್ತಾಳೆ," ಎಂದಳು ಪ್ರಕೃತಿ.

"ಬೆವರಿದ ಮೇಲೆ ತಾನೇ ಶೀತ ಆಗೋದು."

"ಹಾಗಂತ ಯಾರು ಹೇಳಿದ್ದು ನಿಂಗೆ? ಗ್ಯಾಸ್ಕೆಟ್ಟಾ?"

ಪಕ್ಕದ ನಾಲ್ಕು ಜೋಡಿ ಪೋಷಕರು ತಿರುಗಿ ನೋಡಿದರು. ಕಿಟಕಿಯ ಸರಳಿನ ಮೇಲೆ ಗಲ್ಲ ಊರಿ ಇಬ್ಬರನ್ನೂ ನೋಡುತ್ತಿದ್ದ ಇಂಚರ ಸಣ್ಣದೊಂದು ನಿಟ್ಟುಸಿರು ಬಿಟ್ಟಳು.

"ಅಪ್ಪ, ಅಮ್ಮ," ಎಂದಳು. "ದೊಡ್ಡಪ್ಪನಿಗೆ ಹುಷಾರಿಲ್ಲ."

ಅಭ್ಯಾಸಬಲ ದೊಡ್ಡದು. ಇಬ್ಬರೂ ತಕ್ಷಣ ಬಾಯಿ ಮುಚ್ಚಿ, ಯುಟಿಲಿಟಿಗಾಗಿ ಅತ್ತ ಇತ್ತ ನೋಡಿ, ಅದು ಕಾಣದೆ, ರಸ್ತೆಯಂಚಿನ ಟ್ರಾನ್ಸ್‌ಫಾರ್ಮರ್ ಹಿಂದೆ ಹೋಗಿ ನಿಂತರು. ಪಿಸುದನಿಯಲ್ಲಿ ಐದು ನಿಮಿಷ ವಾದ ನಡೆಯಿತು. ಸ್ವೆಟರು ಮೈಮೇಲೆ ಬೇಡ, ಬ್ಯಾಗಿನಲ್ಲಿರಲಿ, ಚಳಿಯಾದರೆ ಅವಳೇ ಹಾಕಿಕೊಳ್ಳಲಿ ಎಂದು ನಿರ್ಧಾರವಾಯಿತು. ಮಧುಮತಿಯವರು ಹೇಳಿಕೊಟ್ಟಂತೆಯೇ ಒಂದೇ ಮಾತು ಹೊತ್ತು ಇಬ್ಬರೂ ಜೊತೆಯಾಗಿ ಆಚೆ ಬಂದರು.

ಬಸ್ಸು ಇರಲಿಲ್ಲ. ರಸ್ತೆಯ ತುದಿಯಲ್ಲಿ ಅದು ಎಡಕ್ಕೆ ತಿರುಗುತ್ತಿತ್ತು. ಹಿಂದಿನ ಕಿಟಕಿಯೊಂದರಿಂದ ಪುಟ್ಟ ಕೈ ಬೀಸುತ್ತಿತ್ತು. ಅದು ಇಂಚರಳದೋ ಬೇರೆ ಮಗುವಿನದೋ ಅಷ್ಟು ದೂರದಿಂದ ತಿಳಿಯಲಿಲ್ಲ. ಇಬ್ಬರೂ ಬೀಸಿದರು. ಸೇತುರಾಮ ಸ್ವೆಟರನ್ನೇ ಬೀಸಿದ. ಶಾಲೆಯ ಪ್ರವಾಸದ ಬಸ್ಸು ಅವನನ್ನು ಬಿಟ್ಟು ಹೋದದ್ದು ಇದು ಎರಡನೆಯ ಸಲ.

ಮೊದಲನೆಯ ಸಲದ ಕಥೆ ಪ್ರಕೃತಿಗೆ ಗೊತ್ತಿರಲಿಲ್ಲ. ಖಾಲಿ ರಸ್ತೆಯಲ್ಲಿ ನಿಂತು ಅವನು ಅದನ್ನು ಹೇಳಿದ. ಸೌತೆಕಾಯಿಯ ವಿಷಯವನ್ನೂ ಬಿಡಲಿಲ್ಲ. ಅವಳು ಕೇಳಿ ನಗಲಿಲ್ಲ. ಅವನ ಕೈಯಿಂದ ಸ್ವೆಟರು ತೆಗೆದುಕೊಂಡು ಮಡಿಸಿ ತನ್ನ ಚೀಲಕ್ಕೆ ಹಾಕಿದಳು.

"ಇದನ್ನ ಯುಟಿಲಿಟಿಯಲ್ಲಿ ಹೇಳ್ಬಾರದಿತ್ತಾ?" ಎಂದಳು.

"ಮಷೀನ್ ಸದ್ದಲ್ಲಿ ಏನು ಹೇಳೋದು."

ಎದುರಿಗೆ ಎರಡು ದಿನ ಬಿದ್ದಿತ್ತು. ಮನೆಯಲ್ಲಿ ವಾದ ಮಾಡಲು ಮಗಳಿರಲಿಲ್ಲ, ಬಾಗಿಲಿಗೆ ಹೂವೂ ಇರಲಿಲ್ಲ, ಯಲ್ಲವ್ವ ಹನ್ನೊಂದರ ದಿನವೇ ಬರುವವಳು.

"ತಲಘಟ್ಟಪುರಕ್ಕೆ ಹೋಗೋಣ್ವಾ?" ಎಂದಳು ಪ್ರಕೃತಿ. "ತಿಂಗಳಿಂದ ಹುಷಾರಿಲ್ಲ ಹುಷಾರಿಲ್ಲ ಅಂತ ಹೇಳಿ, ನಾನೊಂದು ಸಲವೂ ಹೋಗಿ ನೋಡಿಲ್ಲ. ಆ ಮಂಡಿಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟು ಬರ್ತೀನಿ."

"ಹೋಗೋಣ," ಎಂದ ಸೇತುರಾಮ.

ಅಷ್ಟು ಬೇಗ ಅವನು ಒಪ್ಪಿದ್ದನ್ನು ಕಂಡು ಅವಳು ಒಂದು ಕ್ಷಣ ಅನುಮಾನದಿಂದ ಅವನ ಮುಖ ನೋಡಿದಳು. ಆಮೇಲೆ ಇಬ್ಬರೂ ಮೆಟ್ರೋ ಕಡೆ ನಡೆದರು.